280 ರೂಪಾಯಿಯ ಮಲ್ಟಿಮೀಟರ್: ಅಳತೆ ಸರಿ, 10 ಆಂಪಿಯರ್ ರಂಧ್ರ ಜೋಪಾನ

ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಅಣ್ಣನ ಮಗಳಿಗೆ ರೋಧ ಮತ್ತು ವಿದ್ಯುತ್ ಸಾಮರ್ಥ್ಯದ ಲೆಕ್ಕಗಳನ್ನು ಕಣ್ಣೆದುರು ಮಾಡಿ ತೋರಿಸಬೇಕೆಂದು, ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ 280 ರೂಪಾಯಿ ಕೊಟ್ಟು ವೋಲ್ಟೇಜು, ಪ್ರವಾಹ, ರೋಧ ಮೂರನ್ನೂ ಅಳೆಯುವ ಹಳದಿ ಬಣ್ಣದ ಡಿಜಿಟಲ್ ಮಲ್ಟಿಮೀಟರ್ ಕೊಂಡೆ. ಎರಡು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪರೀಕ್ಷೆಗೆ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಯನ್ನೂ ಕಾರಿನ ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನೂ ತೆಗೆದುಕೊಂಡೆವು. ಒಂದೇ ಮೀಟರಿನಲ್ಲಿ ವೋಲ್ಟೇಜನ್ನೂ ಪ್ರವಾಹವನ್ನೂ ಒಟ್ಟಿಗೆ ಅಳೆಯಲಾಗದ ಕಾರಣ, ಹೊಸ ಮೀಟರನ್ನು ಬಲ್ಬಿನೊಂದಿಗೆ ಸರಣಿಯಲ್ಲಿ ಜೋಡಿಸಿ, ಮನೆಯಲ್ಲಿದ್ದ ಹಳೆಯ ಮೀಟರನ್ನು ವೋಲ್ಟೇಜಿಗೆ ಇಟ್ಟೆ. ಪ್ರವಾಹ 1.7 ಆಂಪಿಯರ್ ಬಂತು. ವೋಲ್ಟೇಜು ಬ್ಯಾಟರಿಯ ತುದಿಗಳಲ್ಲಿ 12.4 ಇದ್ದರೆ ಬಲ್ಬಿನ ತುದಿಗಳಲ್ಲಿ 12.1 ಮಾತ್ರ ಇತ್ತು. ಬಲ್ಬಿನ ಲೆಕ್ಕಕ್ಕೆ ಬಲ್ಬಿನ ಮೇಲಿನ ವೋಲ್ಟೇಜನ್ನೇ ಹಿಡಿಯಬೇಕು: 12.1ನ್ನು 1.7ರಿಂದ ಭಾಗಿಸಿದರೆ ರೋಧ ಸುಮಾರು 7.1 ಓಮ್, ಗುಣಿಸಿದರೆ ಸಾಮರ್ಥ್ಯ 20.6 ವ್ಯಾಟ್. ಉಳಿದ 0.3 ವೋಲ್ಟ್, ಅಂದರೆ ಸುಮಾರು ಅರ್ಧ ವ್ಯಾಟ್, ವೈರುಗಳಲ್ಲಿ ಮತ್ತು ಮೀಟರಿನೊಳಗೆ ಶಾಖವಾಗಿ ಹೋಗುತ್ತಿತ್ತು. ಪುಸ್ತಕದ ಲೆಕ್ಕಗಳಲ್ಲಿ ಈ ಅರ್ಧ ವ್ಯಾಟ್ ಎಂದೂ ಕಾಣಿಸುವುದಿಲ್ಲ.

ಬಳಿಕ ಆರಿದ ಬಲ್ಬನ್ನು ಬಿಚ್ಚಿ 200 ಓಮ್ ಶ್ರೇಣಿಯಲ್ಲಿ ಅಳೆದೆವು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗಲೇ ತೋರುವ 0.4ನ್ನು ಕಳೆದರೆ ಬಲ್ಬಿನ ಪಾಲಿಗೆ ಉಳಿದದ್ದು 0.6 ಓಮ್. “ಚಿಕ್ಕಪ್ಪ, ಹಾಗಾದ್ರೆ ನಿಯಮಾನೇ ತಪ್ಪಾ?” ಎಂದು ಹುಡುಗಿ ಕೇಳಿದಳು. ತಪ್ಪಲ್ಲ, ಟಂಗ್‌ಸ್ಟನ್ ತಂತಿ ಬಿಳಿಗಾವಿನಲ್ಲಿ ಉರಿಯುವಾಗ ಅದರ ರೋಧ ತಣ್ಣಗಿದ್ದಾಗಿನ ಹತ್ತು ಪಟ್ಟನ್ನೂ ಮೀರುತ್ತದೆ, ಮತ್ತು ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಬರುವ ರೋಧ ಬದಲಾಗದು ಎನ್ನುವ ಓಮನ ನಿಯಮ ಉಷ್ಣತೆ ಸ್ಥಿರವಾಗಿರಬೇಕೆಂಬ ಷರತ್ತಿನೊಂದಿಗೇ ಹೇಳಲ್ಪಟ್ಟಿದೆ. ಆ ಷರತ್ತು ಅವಳಿಗೆ ಆ ಕ್ಷಣದಲ್ಲಿ ಅರ್ಥವಾದದ್ದನ್ನು ಅವಳ ಮುಖದಲ್ಲೇ ಕಂಡೆ. ಕೊಟ್ಟ ದುಡ್ಡು ನನಗೆ ಅಲ್ಲಿಗೇ ಸಂದಿತು.

ಆದರೆ ಒಂದು ಗಂಭೀರವಾದ ಕೊರತೆಯನ್ನು ಹೇಳಲೇಬೇಕು. 200 ಮಿಲಿಆಂಪಿಯರ್‌ವರೆಗಿನ ಅಳತೆಗೆ ಒಳಗೆ ಫ್ಯೂಸ್ ಇದೆ, ದೊಡ್ಡ ಪ್ರವಾಹ ಅಳೆಯಲು ಕೆಂಪು ಕಡ್ಡಿಯ ವೈರನ್ನು ಸಿಕ್ಕಿಸುವ 10 ಆಂಪಿಯರ್ ರಂಧ್ರಕ್ಕೆ ಇಲ್ಲ. ಅದನ್ನು ರಂಧ್ರದ ಪಕ್ಕದಲ್ಲಿ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಕೆಂಪು ಕಡ್ಡಿಯ ವೈರನ್ನು ಅಲ್ಲೇ ಮರೆತು ಗೋಡೆಯ ಸಾಕೆಟ್ಟಿನ ವೋಲ್ಟೇಜು ನೋಡಲು ಹೋದರೆ ಅದು ನೇರ ಶಾರ್ಟ್ ಸರ್ಕ್ಯೂಟೇ ಆಗುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಆ ರಂಧ್ರಕ್ಕೆ ಟೇಪು ಅಂಟಿಸಿದ್ದೇವೆ, ಮಕ್ಕಳ ಕೈಗೆ ಬ್ಯಾಟರಿಯ ಪ್ರಯೋಗಗಳಿಗೆ ಮಾತ್ರ ಮೀಟರನ್ನು ಕೊಡುತ್ತೇವೆ. ಎಸಿ ಪ್ರವಾಹವನ್ನು ಇದು ಅಳೆಯುವುದೂ ಇಲ್ಲ. ಅದಕ್ಕೆ ವೈರಿನ ಸುತ್ತ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು.

ಹಾಗಿದ್ದರೂ ಮನೆಯ ಒಂದು ಅನುಮಾನವನ್ನು ಇದು ಪರಿಹರಿಸಿತು. ನೀರು ಕಾಯಿಸುವ ಕಾಯಿಲ್ ಎಷ್ಟು ವ್ಯಾಟಿನದೆಂಬ ಬರಹ ಅಳಿಸಿಹೋಗಿತ್ತು. ಪ್ಲಗ್ಗನ್ನು ಕಿತ್ತು, ಅದರ ಎರಡು ಪಿನ್ನುಗಳ ನಡುವೆ ಅಳೆದಾಗ, ಕಡ್ಡಿಗಳ ಪಾಲು ಕಳೆದು 35.2 ಓಮ್ ಸಿಕ್ಕಿತು. ಕಾಯಿಲಿನೊಳಗಿನ ನಿಕ್ರೋಮ್ ಎಂಬ ಮಿಶ್ರಲೋಹದ ತಂತಿಯ ರೋಧ ಬಿಸಿಯಾದಾಗ ಹೆಚ್ಚೇನೂ ಬದಲಾಗದ ಕಾರಣ ಇಲ್ಲಿ ತಣ್ಣನೆಯ ಅಳತೆಯನ್ನೇ ನಂಬಬಹುದು: 230ರ ವರ್ಗವನ್ನು 35.2ರಿಂದ ಭಾಗಿಸಿದರೆ ಸುಮಾರು 1500 ವ್ಯಾಟ್, ಪ್ರವಾಹ 6.5 ಆಂಪಿಯರ್. ಇಷ್ಟು ದಿನ ಅದನ್ನು 6 ಆಂಪಿಯರ್ ಸಾಕೆಟ್ಟಿನಲ್ಲಿ ಸಿಕ್ಕಿಸುತ್ತಿದ್ದೆವು. ಮರುದಿನವೇ ಬಚ್ಚಲುಮನೆಯ ಹೊರಗೆ 16 ಆಂಪಿಯರ್ ಸಾಕೆಟ್ ಹಾಕಿಸಿದೆವು.