ಅಂಗಡಿಗೆ ಹಳೇ ಮನೆ: ವಿರಾಜಪೇಟೆಯದೋ, ಮಡಿಕೇರಿಯದೋ?

ಕಾಫಿ ಅಂಗಡಿ ಇಡಲು ಹಳೇ ಮನೆ ಹುಡುಕುತ್ತಿದ್ದೀರಾ? ನಾನು ನೋಡಿ ಬಂದ ಎರಡು ಮನೆಗಳ ಕಥೆ ಕೇಳಿ.

ವಿರಾಜಪೇಟೆಯದು ಪೇಟೆ ಬೀದಿಗೇ ತಾಗಿದೆ. 1792ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕಟ್ಟಿಸಿದ ಊರು, ವ್ಯಾಪಾರ ಹಳೆಯದು. ಬೀದಿಯಲ್ಲಿ ಹೋಗುವವರು ಸುಮ್ನೆ ಜಗಲಿ ಹತ್ತಿ ಬರ್ತಾರೆ. ಆದರೆ ಶಟರ್ ಕೂರಿಸಲು ಹಿಂದಿನವರು ಮುಂದಿನ ಗೋಡೆ ಒಡೆದಿದ್ದಾರೆ. ಇಂಥ ಮನೆಗಳಲ್ಲಿ ಭಾರ ಹೊರುವುದೇ ಗೋಡೆ ಅಲ್ವಾ? ಮೇಲಿನ ತೊಲೆ ಆಗಲೇ ಬಾಗಿದೆ.

ಮಡಿಕೇರಿಯ ಮನೆಗೆ ಹದಿನಾಲ್ಕು ಮೆಟ್ಟಿಲು. ಗಾಡಿ ನಿಲ್ಲಿಸಲು ಜಾಗ ಇಲ್ಲ. ಆದರೂ ನನ್ನ ಮನಸ್ಸು ಅಲ್ಲೇ ನಿಂತಿತು. ಐನ್‌ಮನೆಯಂತೆ, ಅಂದರೆ ಕೊಡವರ ಹಿರಿಯರ ಕಾಲದ ಕುಟುಂಬದ ಮನೆಯಂತೆ, ಕಂಬಗಳ ನಡುವೆ ಐಮರ ಇದೆ, ಕೂತು ಕೂತು ನುಣುಪಾದ ದಪ್ಪ ಹಲಗೆ. ಅರ್ಧ ಕುರ್ಚಿ ಖರ್ಚು ಉಳಿಯಿತು! ಮಂಗಳೂರು ಹೆಂಚಿನ ಸೂರು ಹೊರಕ್ಕೆ ಚಾಚಿಕೊಂಡಿದೆ, ಇಲ್ಲಿನ ಮಳೆಗೆ ಗೋಡೆ ನೆನೆಯುವುದಿಲ್ಲ. ಒಂದು ಕಡೆ ಮಾತ್ರ ಸುಣ್ಣದ ಗಾರೆ ಮೇಲೆ ಸಿಮೆಂಟ್ ಬಳಿದಿದ್ದಾರೆ. ಒಳಗಿನ ತೇವ ಹೊರಬರದೆ ಉಬ್ಬಿ, ಬೆರಳಿಟ್ಟರೆ ಉದುರುತ್ತದೆ. ಅದನ್ನು ಕೆತ್ತಿ ಮತ್ತೆ ಸುಣ್ಣವನ್ನೇ ಹಾಕಿಸಿ.

ಬಾಡಿಗೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಕೈಯಲ್ಲಿ ದುಡ್ಡು ಕಡಿಮೆ, ದಿನದ ವ್ಯಾಪಾರವೇ ಮುಖ್ಯ ಅಂದರೆ ವಿರಾಜಪೇಟೆ. ಆದರೆ ತೊಲೆ ರಿಪೇರಿ ಯಾರದ್ದು ಅಂತ ಮೊದಲೇ ಬರೆಸಿಕೊಳ್ಳಿ.