ಸಭೆಯ ಭಯಕ್ಕೆ ಯಾವ ಚಿಕಿತ್ಸೆ? ನಾನು ಪಡೆದು ನೋಡಿದ್ದು

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೆಲಸದಲ್ಲಿ ಗ್ರಾಮಸಭೆ, ಪಂಚಾಯಿತಿ ಲೆಕ್ಕಪತ್ರ ಜನರ ಮುಂದಿಡುವ ಜಮಾಬಂದಿ ತಪ್ಪಿಸುವಂತಿಲ್ಲ. ಕ್ರಿಯಾ ಯೋಜನೆ ಓದಿ ಹೇಳಬೇಕು, ಪ್ರಶ್ನೆಗೆ ನಿಂತಲ್ಲೇ ಉತ್ತರ ಕೊಡಬೇಕು. ಮಾತಾಡುವ ಭಯಕ್ಕೆ ಕೊಪ್ಪಳದಲ್ಲೂ ಬಳ್ಳಾರಿಯಲ್ಲೂ ಬೇರೆ ಬೇರೆ ಬಗೆಯ ಚಿಕಿತ್ಸೆ ಪಡೆದಿದ್ದೇನೆ. ಮೈಕ್ ಕೈಗೆ ಬಂದ ಹೊತ್ತಿಗೆ ಯಾವುದು ಉಪಯೋಗಕ್ಕೆ ಬಂತು ಅನ್ನುವುದೊಂದೇ ನನ್ನ ಅಳತೆ.

ಮೊದಲು ಸಿಕ್ಕಿದ್ದು ಹಳೆಯದನ್ನು ಕೆದಕಿ ಭಯದ ಮೂಲ ಹುಡುಕುವ ಆಪ್ತಸಮಾಲೋಚನೆ. ಶಾಲೆಯಲ್ಲಿ ಪದ್ಯ ಮರೆತು ನಿಂತಾಗ ಇಡೀ ಕ್ಲಾಸು ನಕ್ಕಿದ್ದನ್ನು ಅಲ್ಲಿ ಹೇಳಿಕೊಂಡು ಅತ್ತೆ, ಮನಸ್ಸು ಹಗುರಾಯಿತು. ಮುಂದಿನ ಗ್ರಾಮಸಭೆಯಲ್ಲಿ ಗಂಟಲು ಮಾತ್ರ ಮೊದಲಿನಂತೆಯೇ ಕಟ್ಟಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಪಾಲ್ ಭಾಷಣಕ್ಕೆ ಅಂಜುವ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿ 1966ರಲ್ಲಿ ಪ್ರಕಟಿಸಿದ್ದರು: ಇಂಥ ಒಳನೋಟದ ಚಿಕಿತ್ಸೆಗಿಂತ, ಮೈ ಸಡಿಲಿಸಿ ಹಂತಹಂತವಾಗಿ ಭಯ ಇಳಿಸುವ ವಿಧಾನದಿಂದ ಹೆಚ್ಚು ಗುಣ ಕಂಡಿತ್ತು.

ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ರೂಪಿಸಿದ ಆ ವಿಧಾನವನ್ನೂ ಮಾಡಿದೆ. ಸ್ನಾಯುಗಳನ್ನು ಬಿಗಿಹಿಡಿದು ಬಿಡಬೇಕು, ಆಮೇಲೆ ಕಣ್ಣು ಮುಚ್ಚಿ ಖಾಲಿ ಸಭಾಭವನದಿಂದ ತುಂಬಿದ ಸಭೆಯವರೆಗೆ ಒಂದೊಂದೇ ದೃಶ್ಯ ಕಲ್ಪಿಸಿಕೊಳ್ಳಬೇಕು. ಸಭೆಯ ಹಿಂದಿನ ರಾತ್ರಿ ನಿದ್ದೆ ಬರಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಕಲ್ಪನೆಯ ಸಭೆಯಲ್ಲಿ ಯಾರೂ ಎದ್ದು ನಿಂತು, "ಮೇಡಂ, ನಮ್ಮ ಓಣಿ ಗಟಾರದ ಕೆಲಸ ಎಲ್ಲಿಗ ಬಂತ್ರಿ?" ಅಂತ ಕೇಳುವುದಿಲ್ಲ.

ಪ್ರೊಪ್ರನೊಲಾಲ್ ಮಾತ್ರೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಎದೆಬಡಿತ, ಕೈನಡುಕ ಇಳಿಯುತ್ತದೆ, ನಿಜ. 'ಎಲ್ಲರೂ ನನ್ನ ತಪ್ಪನ್ನೇ ಎಣಿಸುತ್ತಿದ್ದಾರೆ' ಅನ್ನುವ ಯೋಚನೆ ಹಾಗೇ ಉಳಿಯುತ್ತದೆ. ಆಸ್ತಮಾ ಇದ್ದವರಿಗೆ ಅಪಾಯ. ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ.

ನನ್ನನ್ನು ನಿಜವಾಗಿ ಬದಲಾಯಿಸಿದ್ದು ಬಳ್ಳಾರಿಯಲ್ಲಿ ಪಡೆದ ಸಿಬಿಟಿ, ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸಲು ಕಲಿಸುವ ಚಿಕಿತ್ಸೆ. ಅದರ ಹಿಂದಿರುವುದು ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ವಿವರಣೆ: ಅಂಜುವವರ ಗಮನವೆಲ್ಲ ತಮ್ಮ ಮೇಲೆಯೇ ಇರುತ್ತದೆ, ಅಂಜಿಕೆ ಮುಚ್ಚಲು ಮಾಡುವ ಉಪಾಯಗಳೇ ಅದನ್ನು ಸಾಕುತ್ತವೆ. ತಲೆ ಎತ್ತದೆ ಓದುವುದು, ಮೈಕನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯುವುದು, ಗಡಿಬಿಡಿಯಲ್ಲಿ ಮುಗಿಸುವುದು ನನ್ನ ಉಪಾಯಗಳಾಗಿದ್ದವು. ಒಂದೇ ವಿಷಯವನ್ನು ಮೊಬೈಲ್ ಕ್ಯಾಮೆರಾ ಮುಂದೆ ಒಮ್ಮೆ ಇವೆಲ್ಲವನ್ನೂ ಇಟ್ಟುಕೊಂಡು, ಇನ್ನೊಮ್ಮೆ ಎಲ್ಲ ಬಿಟ್ಟು ಎದುರಿಗಿದ್ದವರನ್ನು ನೋಡುತ್ತಾ ಮಾತಾಡಿಸಿದರು. ವಿಡಿಯೊ ತೋರಿಸುವ ಮೊದಲು ಏನು ಕಾಣುತ್ತದೆ ಅಂತ ಬರೆಸಿದರು. 'ಇಡೀ ಮೈ ನಡುಗುತ್ತಿರುತ್ತದೆ' ಅಂತ ಬರೆದೆ. ಎರಡನೇ ವಿಡಿಯೊದಲ್ಲಿ ಬಲಗೈಯ ಬಳೆ ತುಸು ಅಲುಗಿದ್ದು ಬಿಟ್ಟರೆ ಏನೂ ಕಾಣಲಿಲ್ಲ. ಉಪಾಯ ಇಟ್ಟುಕೊಂಡ ಮೊದಲನೆಯದರಲ್ಲೇ ಮುಖ ಬಿಗಿದಿತ್ತು, ಅರ್ಧ ಮಾತು ಕೇಳುತ್ತಲೇ ಇರಲಿಲ್ಲ.

ಆಮೇಲೆ ಹೊರಗಿನ ಅಭ್ಯಾಸ: ಮೊದಲು ಸ್ವಸಹಾಯ ಸಂಘದ ಸಭೆ, ನಂತರ ವಾರ್ಡ್ ಸಭೆ, ಕೊನೆಗೆ ಗ್ರಾಮಸಭೆ. ಮಾತಿನ ನಡುವೆ ಬೇಕಂತಲೇ ಸುಮ್ಮನೆ ನಿಲ್ಲಬೇಕು, ಜನ ನಗುತ್ತಾರಾ ನೋಡಬೇಕು. ನಿಂತೆ. ಯಾರೂ ನಗಲಿಲ್ಲ, ಮುಂದೆ ಕೂತಿದ್ದ ಅಜ್ಜಿ, "ನನ್ನ ಪಗಾರ ಯಾವಾಗ ಬರ್ತೈತವ್ವಾ?" ಅಂದರು. ಅವರಿಗೆ ಬೇಕಿದ್ದದ್ದು ಪಿಂಚಣಿಯ ಸುದ್ದಿ, ನನ್ನ ಧ್ವನಿಯ ಪರೀಕ್ಷೆಯಲ್ಲ.

ಇದು ಸುಲಭವಲ್ಲ. ಪ್ರತಿ ಅಭ್ಯಾಸಕ್ಕೂ ಮುಂಚೆ ಹೊಟ್ಟೆ ತೊಳಸುತ್ತಿತ್ತು. ವೋಲ್ಪೆ ವಿಧಾನದಲ್ಲಿ ಆ ಕಷ್ಟವಿಲ್ಲ. ಇದನ್ನು ಮಾಡಿಸುವವರು ಸಿಗುವುದೂ ಕಷ್ಟ. ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಥ ನೆಲದಲ್ಲಿ ಮಾತ್ರೆ ಸಿಕ್ಕಷ್ಟು ಬೇಗ ಈ ಚಿಕಿತ್ಸೆ ಸಿಗದಿರುವುದು ನನಗೆ ನೋವಿನ ವಿಷಯ.

ಎಲ್ಲಿ ಕೇಳಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಯಾರ ಬಳಿ ಹೋದರೂ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಬಿಡಿ: ಸಿಬಿಟಿ ಮಾಡ್ತೀರಾ, ವಿಡಿಯೊ ತೆಗೆದು ತೋರಿಸ್ತೀರಾ, ಜನರ ಮುಂದೆ ಮಾತಾಡುವ ಅಭ್ಯಾಸ ಕೊಡ್ತೀರಾ?