ಜಿಮ್ ಹೆಸರಿನ ಟೀಶರ್ಟ್: ಕಾಟನ್, ಜೆರ್ಸಿ, ಆನ್‌ಲೈನ್, ಡಿಟಿಎಫ್ - ಯಾವುದರಲ್ಲಿ ದುಡ್ಡು ಉಳಿಯುತ್ತದೆ?

ಗದಗಿನಂಥ ಊರಲ್ಲಿ ಸಣ್ಣ ಜಿಮ್ ನಡೆಸುವವರು ತಿಂಗಳ ಫೀ ಒಂದನ್ನೇ ನಂಬಿ ಕೂರುವುದು ಕಷ್ಟ. ಜನವರಿಯಲ್ಲಿ ಹುಡುಗರು ತುಂಬಿರುತ್ತಾರೆ. ಪರೀಕ್ಷೆ, ಬಿರುಬೇಸಿಗೆ, ಮದುವೆ ಸೀಸನ್ ಬಂತೆಂದರೆ ಅರ್ಧ ಖಾಲಿ. ಬಾಡಿಗೆ ಮಾತ್ರ ಕಡಿಮೆ ಆಗುವುದಿಲ್ಲ, ಅಲ್ವಾ? ಜಿಮ್ ಹೆಸರಿನ ಟೀಶರ್ಟ್ ಮಾರಿದರೆ ಆ ತಿಂಗಳುಗಳಲ್ಲಿ ಕರೆಂಟ್ ಬಿಲ್ಲಾದರೂ ಹೊರಡುತ್ತದೆ. ಇದಕ್ಕೆ ನಾವು ನಾಲ್ಕು ದಾರಿ ಹಿಡಿದು ನೋಡಿದ್ದೇವೆ. ನಾನು ಕಂಡುಕೊಂಡದ್ದು ಇಷ್ಟು: ಒಂದು ಟೀಶರ್ಟಿಗೆ ಎಷ್ಟು ಲಾಭ ಎಂದು ನೋಡುವ ಮೊದಲು, ಎಷ್ಟು ಟೀಶರ್ಟ್ ಕಪಾಟಿನಲ್ಲೇ ಉಳಿಯುತ್ತವೆ ಎಂದು ನೋಡಬೇಕು.

ಗದಗಿಗೆ ಮುದ್ರಣ ಕಾಶಿ ಅನ್ನುತ್ತಾರೆ. ಹಾಗಾಗಿ ಮೊದಲು ಹಿಡಿದದ್ದು ಸ್ಕ್ರೀನ್ ಪ್ರಿಂಟಿನ ದಾರಿ. ತಿರುಪ್ಪೂರಿನ ಪ್ಲೇನ್ ಕಾಟನ್ ಟೀಶರ್ಟ್, 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ 180 ಗ್ರಾಂ), ಬಯೋವಾಶ್ ಆದದ್ದು, ಅಂದರೆ ಎಂಜೈಮ್ ಹಾಕಿ ತೊಳೆದು ಮೆತ್ತಗೆ ಮಾಡಿದ್ದು. ಮೈಗೆ ಮೆತ್ತಗೆ, ಒಗೆದರೂ ಜಾಸ್ತಿ ಕುಗ್ಗುವುದಿಲ್ಲ. ಪ್ರಿಂಟಂತೂ ಬಹಳ ಗಟ್ಟಿ. ಆದರೆ ಸ್ಕ್ರೀನ್ ಪ್ರಿಂಟಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಬೇಕು. ಆ ಖರ್ಚು ಐದಕ್ಕೂ ಅಷ್ಟೇ, ಐವತ್ತಕ್ಕೂ ಅಷ್ಟೇ. ಆದ್ದರಿಂದ ಲಾಟ್ ದೊಡ್ಡದಿದ್ದರೆ ಮಾತ್ರ ದರ ಇಳಿಯುತ್ತದೆ. ಒಂದೇ ಬಣ್ಣದ ಲೋಗೋ ಇಟ್ಟುಕೊಂಡರೆ ಚೆನ್ನಾಗಿ ಉಳಿತಾಯ ಆಗುತ್ತದೆ.

ಕಾಟನ್ನಿನ ನಿಜವಾದ ತೊಂದರೆ ಎರಡು. ಬೆವರು ಹೀರಿಕೊಂಡು ಒದ್ದೆಯಾಗಿ ಭಾರ ಆಗುತ್ತದೆ, ಬೇಗ ಒಣಗುವುದಿಲ್ಲ. ನಮ್ಮ ಹುಡುಗರು ಅದನ್ನು ಪೇಟೆಗೆ, ಕಾಲೇಜಿಗೆ ಹಾಕಿಕೊಂಡು ಹೋಗುತ್ತಾರೆ, ಸ್ಕ್ವಾಟ್ ಹೊಡೆಯುವಾಗ ಹಾಕುವುದಿಲ್ಲ. ಎರಡನೆಯದು ಸೈಜು. ಎಂ, ಎಲ್ ಸೈಜು ಮೊದಲ ವಾರದಲ್ಲೇ ಖಾಲಿ. ಎಸ್ ಮತ್ತು ಡಬಲ್ ಎಕ್ಸೆಲ್ ಕಪಾಟಿನಲ್ಲೇ.

ಲೆಕ್ಕ ಹಾಕಿ ನೋಡಿ. ಪ್ರಿಂಟ್ ಸೇರಿ 200 ರೂಪಾಯಿಗೆ ಬಿದ್ದ 50 ಟೀಶರ್ಟಿಗೆ 10,000 ರೂಪಾಯಿ ಬಂಡವಾಳ. 350ಕ್ಕೆ ಒಂದರಂತೆ ಎಲ್ಲ ಹೋದರೆ 7,500 ಲಾಭ. 15 ಉಳಿದವು ಅನ್ನಿ. ಕೈಗೆ ಬರುವುದು 12,250, ಲಾಭ ಬರೀ 2,250! ಅದೇ 35 ಜನರಿಗೆ ಆರ್ಡರ್ ತೆಗೆದುಕೊಂಡ ಮೇಲೆ 260ಕ್ಕೆ ಒಂದರಂತೆ ಮಾಡಿಸಿ 400ಕ್ಕೆ ಕೊಟ್ಟರೆ 4,900 ಉಳಿಯುತ್ತದೆ. ದುಬಾರಿಗೆ ಮಾಡಿಸಿದ್ದರಲ್ಲೇ ಎರಡು ಪಟ್ಟಿಗಿಂತ ಜಾಸ್ತಿ ಲಾಭ.

ಎರಡನೆಯ ದಾರಿ ಸಬ್ಲಿಮೇಶನ್ ಜೆರ್ಸಿ. ಕ್ರಿಕೆಟ್ ಟೀಮಿನವರು ಹೆಸರು, ನಂಬರ್ ಹಾಕಿಸಿಕೊಳ್ಳುತ್ತಾರಲ್ಲ, ಅದೇ. ನಾವು ಹುಬ್ಬಳ್ಳಿಯಲ್ಲಿ ಮಾಡಿಸಿದೆವು. ಬಣ್ಣ ಪಾಲಿಯೆಸ್ಟರ್ ನೂಲಿನ ಒಳಗೇ ಇಳಿಯುವುದರಿಂದ ಸುಲಿಯುವ ಮಾತೇ ಇಲ್ಲ, ಮುಟ್ಟಿದರೆ ಪ್ರಿಂಟ್ ಇದೆ ಅಂತಲೂ ಗೊತ್ತಾಗುವುದಿಲ್ಲ. ಎಷ್ಟು ಬಣ್ಣ ಇದ್ದರೂ ದರ ಒಂದೇ. ಆದರೆ ಇದು ಬಿಳಿ ಬಟ್ಟೆಯ ಮೇಲೆ ಬಣ್ಣ ಇಳಿಸುವ ಕೆಲಸ. ಕಪ್ಪು ಜೆರ್ಸಿ ಮಾಡಿಸಿದರೆ ಎದೆ, ಭುಜ ಬಿಗಿದಾಗ ಒಳಗಿನ ಬಿಳಿ ಸ್ವಲ್ಪ ಇಣುಕುತ್ತದೆ. ಹೊಲಿಗೆ ಆಗಿ ಬರುವುದಕ್ಕೆ ದಿನಗಳೂ ಹಿಡಿಯುತ್ತವೆ. ಕಪ್ಪತಗುಡ್ಡಕ್ಕೆ ಎಲ್ಲ ಸೇರಿ ಹತ್ತುವುದಿದ್ದರೆ, ಓಟದ ಸ್ಪರ್ಧೆಗೆ ಟೀಮ್ ಕಳಿಸುವುದಿದ್ದರೆ ಇದಕ್ಕೆ ಸಮ ಇಲ್ಲ. ಬೆನ್ನ ಮೇಲೆ ಸ್ವಂತ ಹೆಸರು ಇದ್ದರೆ ಯಾರೂ ದರ ಚೌಕಾಸಿ ಮಾಡುವುದಿಲ್ಲ.

ಆನ್‌ಲೈನಿನಲ್ಲಿ ಒಂದೊಂದೇ ಪ್ರಿಂಟ್ ಮಾಡಿ ಮನೆಗೆ ಕಳಿಸುವ ಸೇವೆಯಲ್ಲಿ ಬಂಡವಾಳವೇ ಬೇಡ. ಕೊರಿಯರ್ ಸೇರಿದ ಮೇಲೆ ನಮಗೆ ಉಳಿಯುವುದು ಪುಡಿಗಾಸು, ಸೈಜು ಸರಿ ಬರದಿದ್ದರೆ ಬದಲಾಯಿಸುವ ತಲೆನೋವು ಬೇರೆ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದ ಹಳೆಯ ಹುಡುಗರು ಕೇಳಿದರೆ ಮಾತ್ರ ಇದು ಸರಿ.

ಈಗ ನಮ್ಮಲ್ಲಿ ನಿಂತಿರುವುದು ಡಿಟಿಎಫ್, ಅಂದರೆ ಡೈರೆಕ್ಟ್ ಟು ಫಿಲ್ಮ್. ಲೋಗೋವನ್ನು ಫಿಲ್ಮ್ ಮೇಲೆ ಪ್ರಿಂಟ್ ಮಾಡಿ, ಅಂಟಿನ ಪುಡಿ ಹಾಕಿ ಕಾಯಿಸಿ, ರೋಲ್ ಆಗಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಮೀಟರಿನಲ್ಲಿ ಎದೆಯ ಮೇಲಿನ ಸಣ್ಣ ಲೋಗೋ ರಾಶಿ ಕೂರುತ್ತವೆ. ಕತ್ತರಿಸಿ ಡಬ್ಬಿಯಲ್ಲಿ ಇಟ್ಟರೆ ಆಯಿತು. ಆರ್ಡರ್ ಬಂದಾಗ ಬೇಕಾದ ಸೈಜಿನ ಪ್ಲೇನ್ ಡ್ರೈಫಿಟ್ (ಬೆವರು ಬೇಗ ಒಣಗುವ ಪಾಲಿಯೆಸ್ಟರ್ ಟೀಶರ್ಟ್) ತಂದು, ಹೀಟ್ ಪ್ರೆಸ್ ಇರುವವರ ಹತ್ತಿರ ಒತ್ತಿಸುತ್ತೇವೆ. ಪ್ಲೇನ್ ಟೀಶರ್ಟ್ ಉಳಿದರೂ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ. ಲೋಗೋ ಬಿದ್ದ ಟೀಶರ್ಟನ್ನು ಯಾರು ತೆಗೆದುಕೊಳ್ಳುತ್ತಾರೆ?

ಡಿಟಿಎಫ್‌ನಲ್ಲಿ ಗಮನ ಇಡಬೇಕಾದ ಸಂಗತಿಗಳೂ ಇವೆ. ಎದೆ ತುಂಬ ದೊಡ್ಡ ಪ್ರಿಂಟ್ ಬೇಡ. ಆ ಜಾಗದಲ್ಲಿ ಗಾಳಿ ಆಡುವುದಿಲ್ಲ, ಬೆವರು ಅಲ್ಲೇ ನಿಲ್ಲುತ್ತದೆ. ಕೆಂಪು ಪಾಲಿಯೆಸ್ಟರ್ ಮೇಲೆ ಬಿಳಿ ಲೋಗೋ ಒತ್ತಿದರೆ ಬಿಸಿಗೆ ಬಟ್ಟೆಯ ಬಣ್ಣ ಮೇಲೆದ್ದು ಬಿಳಿ ಗುಲಾಬಿಯಾಗಬಹುದು. ನಾವು ಕಪ್ಪು, ಬೂದಿ ಬಣ್ಣ ಬಿಟ್ಟು ಬೇರೆ ಇಡುವುದಿಲ್ಲ. ಟೀಶರ್ಟ್ ಕೊಡುವಾಗಲೇ ಒಂದು ಮಾತು ಹೇಳುತ್ತೇವೆ: ಒಳಮಗ್ಗಲು ತಿರುಗಿಸಿ ಒಗೆಯಿರಿ, ಪ್ರಿಂಟ್ ಮೇಲೆ ಇಸ್ತ್ರಿ ಇಡಬೇಡಿ. ಹಾಗೆ ಮಾಡಿದವರ ಲೋಗೋ ಚೆನ್ನಾಗಿ ಬಾಳಿಕೆ ಬರುತ್ತಿದೆ.

ಹೆಣ್ಣುಮಕ್ಕಳ ಬ್ಯಾಚ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸಣ್ಣ ಜಿಮ್‌ಗಳು ಇಲ್ಲೇ ಸುಮ್ನೆ ವ್ಯಾಪಾರ ಕಳೆದುಕೊಳ್ಳುತ್ತವೆ. 'ಲೇಡೀಸ್ ಕಟ್' ಎಂದು ಮಾರುವ ಟೀಶರ್ಟ್ ತರಿಸಿ ತೋರಿಸಿದಾಗ ನಮ್ಮ ಅಕ್ಕಂದಿರು ಒಪ್ಪಲಿಲ್ಲ. "ಸರ್, ಇದು ಭಾಳ ಬಿಗಿ ಆಗ್ತೈತ್ರಿ, ಗಿಡ್ಡನೂ ಐತ್ರಿ" ಅಂದರು. ಅವರಿಗೆ ಬೇಕಾದದ್ದು ಸೊಂಟದ ಕೆಳಗೆ ಇಳಿಯುವ ಉದ್ದ, ಮೊಣಕೈವರೆಗೆ ತೋಳು, ಬೆವರಿದರೂ ಪಾರದರ್ಶಕ ಆಗದ ದಪ್ಪ ಬಟ್ಟೆ. ಅಂಥದ್ದು ಹುಡುಕಿ ತಂದ ಮೇಲೆ ಒಬ್ಬೊಬ್ಬರು ಎರಡೆರಡು ಕೊಂಡರು. ಬೆಳಗಿನ ವಾಕಿಂಗಿಗೂ ಅದನ್ನೇ ಹಾಕುತ್ತಾರೆ. ಟೀಶರ್ಟಿನಿಂದ ಬರುವ ಪ್ರಚಾರ ನಮಗೆ ಸಿಕ್ಕಿದ್ದು ಅವರಿಂದಲೇ.

ದುಡ್ಡಿನ ವಿಷಯದಲ್ಲಿ ಉದ್ರಿ ಬೇಡವೇ ಬೇಡ. ಅರ್ಧ ಅಡ್ವಾನ್ಸ್ ಕೊಟ್ಟವರ ಹೆಸರನ್ನಷ್ಟೇ ಆರ್ಡರಿಗೆ ಬರೆದುಕೊಳ್ಳಿ. ಸೈಜನ್ನು ಬಾಯಲ್ಲಿ ಕೇಳಬೇಡಿ. ಸ್ಯಾಂಪಲ್ ತೊಡಿಸಿಯೇ ಬರೆಯಿರಿ. ಇನ್ನೊಂದು, ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ ಇರಬಹುದು, ಆದರೆ ಜಿಮ್ ಸೇವೆಯ ವ್ಯವಹಾರ. ವರ್ಷದ ಫೀ ಮತ್ತು ಟೀಶರ್ಟ್ ಮಾರಾಟ ಎರಡೂ ಸೇರಿ 20 ಲಕ್ಷ ದಾಟುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕಾಟನ್ ಸ್ಕ್ರೀನ್ ಪ್ರಿಂಟನ್ನು ನಾವು ಪೂರ್ತಿ ಬಿಟ್ಟಿಲ್ಲ. ವರ್ಷದ ಫೀ ಒಮ್ಮೆಗೇ ಕಟ್ಟಿದವರಿಗೆ ಉಡುಗೊರೆಯಾಗಿ ಕೊಡಲು ಅದೇ ಬೆಸ್ಟ್. ಅವರ ಸೈಜು ಮೊದಲೇ ಗೊತ್ತಿರುವುದರಿಂದ ಲಾಟಿನಲ್ಲಿ ಒಂದೂ ಉಳಿಯುವುದಿಲ್ಲ.